ಫ್ಲೂ ಲಸಿಕೆ ಹಾಕಿಸಿಕೊಂಡ ಮೇಲೆ ಭುಜ ನೋವು: ಅಮೆರಿಕದಲ್ಲಿ ಪರಿಹಾರ ಸಿಗುತ್ತದೆಯೇ?

ನ್ಯೂಜೆರ್ಸಿಯ ಫಾರ್ಮಸಿಯೊಂದರಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡು ಏಳು ತಿಂಗಳಾದರೂ ಎಡಗೈ ಎತ್ತಲಾಗುತ್ತಿಲ್ಲ, ಫಾರ್ಮಸಿ ಮೇಲೆ ಕೇಸು ಹಾಕಬಹುದೇ, ವಕೀಲರಿಗೆ ಎಷ್ಟು ಕೊಡಬೇಕು ಎಂದು ಕೇಳಿದ್ದೀರಿ.

ನೇರವಾಗಿ ಫಾರ್ಮಸಿ ಮೇಲೆ ಹೋಗುವಂತಿಲ್ಲ. 1986ರ ಲಸಿಕೆ ಪರಿಹಾರ ಕಾನೂನಿನಂತೆ ಮೊದಲು ವಾಷಿಂಗ್ಟನ್‌ನಲ್ಲಿರುವ ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್‌ಗೆ ಅರ್ಜಿ ಹಾಕಬೇಕು. ಅಲ್ಲಿ ಪ್ರತಿವಾದಿ ಸರ್ಕಾರದ ಆರೋಗ್ಯ ಇಲಾಖೆ. ಅಮೆರಿಕದ ಪೌರತ್ವ ಬೇಕಿಲ್ಲ, ಲಸಿಕೆ ಅಲ್ಲಿ ಹಾಕಿಸಿಕೊಂಡಿದ್ದರೆ ಸಾಕು. ಅರ್ಜಿ ಶುಲ್ಕ 405 ಡಾಲರ್.

ವಕೀಲರ ಖರ್ಚಿಗೆ ಹೆದರಬೇಡಿ. ಅವರ ಫೀಸನ್ನು ಕೋರ್ಟೇ ಪರಿಹಾರ ನಿಧಿಯಿಂದ ಕೊಡಿಸುತ್ತದೆ. ತಕ್ಕ ಆಧಾರವಿದ್ದು ಪ್ರಾಮಾಣಿಕವಾಗಿ ಹಾಕಿದ ಅರ್ಜಿಯಾದರೆ ಸೋತರೂ ಕೊಡಿಸಬಹುದು. ಬಂದ ಹಣದಲ್ಲಿ ಪಾಲು ಕೇಳುವ ವಕೀಲರ ಕಡೆ ತಲೆ ಹಾಕಲೇಬೇಡಿ, ಕಾನೂನು ಅದಕ್ಕೆ ಒಪ್ಪುವುದಿಲ್ಲ.

ನೀವು ಹೇಳುವ ತೊಂದರೆಗೆ ಸಿರ್ವಾ ಎನ್ನುತ್ತಾರೆ. ಸೂಜಿ ತೋಳಿನಲ್ಲಿ ತೀರಾ ಮೇಲೆ ಚುಚ್ಚಿದರೆ ಲಸಿಕೆ ಸ್ನಾಯುವಿಗೆ ಹೋಗದೆ ಭುಜದ ಕೀಲಿನ ಸುತ್ತ ಇಳಿದು ಊತ ತರಬಹುದು. ಪರಿಹಾರಕ್ಕೆ ಅರ್ಹವಾದ ಲಸಿಕೆ ತೊಂದರೆಗಳ ಅಧಿಕೃತ ಪಟ್ಟಿಯಲ್ಲಿ ಇದು 2017ರಿಂದ ಇದೆ. ಪಟ್ಟಿಯ ಷರತ್ತುಗಳಿಗೆ ಹೊಂದಿದರೆ ಲಸಿಕೆಯೇ ಕಾರಣ ಎಂದು ನೀವು ಬೇರೆಯಾಗಿ ಸಾಬೀತು ಮಾಡಬೇಕಿಲ್ಲ. ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಆ ಭುಜಕ್ಕೆ ಹಿಂದೆ ತೊಂದರೆ ಇದ್ದಿರಬಾರದು, ನೋವು, ಬಿಗಿತ ಅಲ್ಲಿಗಷ್ಟೇ ಸೀಮಿತವಾಗಿರಬೇಕು, ನೋವನ್ನು ವಿವರಿಸುವ ಬೇರೆ ಕಾಯಿಲೆ ಇರಬಾರದು. ಜೊತೆಗೆ ತೊಂದರೆ 6 ತಿಂಗಳು ದಾಟಿರಬೇಕು, ಇಲ್ಲವೇ ಆಸ್ಪತ್ರೆಗೆ ಸೇರಿ ಶಸ್ತ್ರಚಿಕಿತ್ಸೆ ಆಗಿರಬೇಕು.

ಕೇಸು ಕೆಡುವುದು ದಾಖಲೆಯಲ್ಲಿ. ಮೂರು ತಿಂಗಳು ಸಹಿಸಿಕೊಂಡು ಡಾಕ್ಟರ ಬಳಿ ಹೋಗಿ "ಕೆಲವು ವಾರದಿಂದ ನೋವು" ಎಂದರೆ ಅವರು ಅದನ್ನೇ ಬರೆದುಕೊಳ್ಳುತ್ತಾರೆ. 48 ಗಂಟೆಯ ವಾದ ಅಲ್ಲಿಗೇ ಸೊರಗುತ್ತದೆ. ಲಸಿಕೆ ಹಾಕಿಸಿಕೊಂಡ ತಾರೀಖು, ನೋವು ಶುರುವಾದ ಹೊತ್ತು, ಯಾವ ಭುಜ, ಮೂರನ್ನೂ ಇದ್ದದ್ದು ಇದ್ದ ಹಾಗೆ ಹೇಳಿ ಬರೆಸಿ. ಫಾರ್ಮಸಿಯ ದಾಖಲೆ ತರಿಸಿ ನೋಡಿ. ಎಡಕ್ಕೆ ಹಾಕಿ ಬಲ ಎಂದು ನಮೂದಿಸಿರುವುದೂ ಉಂಟು. ಫಿಸಿಯೋಥೆರಪಿಯನ್ನು ನಾಲ್ಕು ತಿಂಗಳಿಗೇ ಬಿಟ್ಟು ಮತ್ತೆ ಡಾಕ್ಟರನ್ನೂ ಕಾಣದವರಿಗೆ 6 ತಿಂಗಳ ಪುರಾವೆ ಒದಗಿಸುವುದು ಬಲು ಕಷ್ಟ. ಆದ್ದರಿಂದ ಈ ವಾರವೇ ಹೋಗಿ, ಕೈ ಎಷ್ಟು ಡಿಗ್ರಿ ಏಳುತ್ತದೆ ಎಂದು ಅಳೆಸಿ ಬರೆಸಿಕೊಳ್ಳಿ. ಲಸಿಕೆಗೂ ಹಿಂದಿನ 3 ವರ್ಷದ ವೈದ್ಯಕೀಯ ದಾಖಲೆಗಳನ್ನು ವಕೀಲರು ಕೇಳುತ್ತಾರೆ, ಈಗಲೇ ತರಿಸಿಡಿ.

ಗಡುವು ಮೊದಲ ಲಕ್ಷಣ ಕಂಡ ದಿನದಿಂದ 3 ವರ್ಷ. ಲಸಿಕೆಯ ಅಡ್ಡಪರಿಣಾಮಗಳನ್ನು ದಾಖಲಿಸುವ ಸರ್ಕಾರಿ ವ್ಯವಸ್ಥೆಯಾದ ವೇರ್ಸ್‌ಗೆ ವರದಿ ಮಾಡಿದರೆ ಪರಿಹಾರಕ್ಕೆ ಅರ್ಜಿ ಹಾಕಿದಂತೆ ಆಗುವುದಿಲ್ಲ. ನೋವು, ಸಂಕಟಕ್ಕೆ ಹೆಚ್ಚೆಂದರೆ 2,50,000 ಡಾಲರ್. ಚಿಕಿತ್ಸೆಯ ಖರ್ಚು, ಕಳೆದುಹೋದ ಸಂಬಳ ಬೇರೆ.

ಅದೇ ದಿನ ಅದೇ ತೋಳಿಗೆ ಕೋವಿಡ್ ಲಸಿಕೆಯನ್ನೂ ಹಾಕಿಸಿಕೊಂಡಿದ್ದರೆ ಮೊದಲೇ ವಕೀಲರಿಗೆ ತಿಳಿಸಿ. ಅದಕ್ಕೆ ಸಿಐಸಿಪಿ ಎಂಬ ಬೇರೆಯೇ ವ್ಯವಸ್ಥೆ. ಅಲ್ಲಿ ನೋವಿಗೆ ಹಣವಿಲ್ಲ, ವಕೀಲರ ಫೀಸೂ ಇಲ್ಲ, ಗಡುವು ಲಸಿಕೆಯ ದಿನದಿಂದ ಒಂದೇ ವರ್ಷ. ಆ ಅರ್ಜಿಗೆ ನಿಮಗೆ ಉಳಿದಿರುವುದು ಐದು ತಿಂಗಳು.