ಮಕ್ಕಳಿಗೆ ಸರ್ಕಾರ ಅರ್ಥವಾಗಬೇಕಾದರೆ ಒಂದು ತೀರ್ಮಾನವನ್ನಾದರೂ ಅವರ ಕೈಗೆ ಬಿಡಿ

ಹತ್ತು ವರ್ಷದ ನಿಮ್ಮ ಮಗಳು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಹೆಸರುಗಳನ್ನು ತಡವರಿಸದೆ ಒಪ್ಪಿಸುತ್ತಾಳೆ, ಆದರೆ ಮೂರು ಏಕೆ ಬೇಕು ಎಂದರೆ ಸುಮ್ಮನಾಗುತ್ತಾಳೆ ಎಂದು ಬರೆದಿದ್ದೀರಿ. ಸರ್ಕಾರ ಹೇಗೆ ನಡೆಯುತ್ತದೆ, ಅದರಲ್ಲಿ ನಾಗರಿಕರ ಪಾಲು ಏನು ಎಂಬುದನ್ನು ಅವಳಿಗೆ ಹೇಗೆ ತಿಳಿಸಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಇಪ್ಪತ್ತೆರಡು ವರ್ಷ ಈ ವಯಸ್ಸಿನ ಮಕ್ಕಳಿಗೆ ಸಮಾಜ ವಿಜ್ಞಾನ ಪಾಠ ಮಾಡಿದ್ದೇನೆ. ಮೊದಲ ಕೆಲವು ವರ್ಷ ನಾನೂ ಹೆಸರುಗಳನ್ನೇ ಕಲಿಸಿದೆ. ಮಕ್ಕಳು ಪರೀಕ್ಷೆಯಲ್ಲಿ ಸರಿಯಾಗಿ ಬರೆದರು, ರಜೆ ಮುಗಿಸಿ ಬರುವಷ್ಟರಲ್ಲಿ ಮರೆತರು. ಆಮೇಲೆ ಕಂಡುಕೊಂಡದ್ದು ಇಷ್ಟು: ಮಕ್ಕಳೇ ತೀರ್ಮಾನಿಸುವಂಥ, ತೀರ್ಮಾನವಾದ ಮೇಲೆ ದೊಡ್ಡವರೂ ಒಪ್ಪಿ ನಡೆಯಬೇಕಾದಂಥ ಒಂದು ಸಣ್ಣ ವಿಷಯವನ್ನು ಮೊದಲು ಅವರಿಗೆ ಬಿಟ್ಟುಕೊಡಬೇಕು. ಹೆಸರುಗಳು ಆಮೇಲೆ ತಾವಾಗಿಯೇ ನಿಲ್ಲುತ್ತವೆ.

ನಮ್ಮ ತರಗತಿಯಲ್ಲಿ ಆ ವಿಷಯ ಶುಕ್ರವಾರದ ಆಟದ ಅವಧಿಯಾಗಿತ್ತು. ಯಾವ ಆಟ ಆಡಬೇಕೆಂದು 35 ಮಕ್ಕಳು ಹೇಳಬೇಕು, ನಾನು ಅಡ್ಡಿ ಬರುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮೊದಲ ವಾರ ಕೈ ಎತ್ತಿಸಿದಾಗ ಫುಟ್‌ಬಾಲ್‌ಗೆ 24, ವಾಲಿಬಾಲ್‌ಗೆ 11 ಕೈಗಳು ಬಂದವು. ಎಷ್ಟೋ ಮಕ್ಕಳು ಕೈ ಎತ್ತುವ ಮುನ್ನ ಹಿಂದಿನ ಬೆಂಚಿನ ಇಬ್ಬರು ಹುಡುಗರ ಮುಖ ನೋಡಿದ್ದನ್ನು ಗಮನಿಸಿ, ಮುಂದಿನ ವಾರ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲು ಹೇಳಿದೆ. ಅದೇ ಮಕ್ಕಳು, ಅದೇ ಪ್ರಶ್ನೆ. ಎಣಿಸಿದಾಗ 19 ಮತ್ತು 16. ಗುಪ್ತ ಮತದಾನ ಏಕೆ ಬೇಕೆಂದು ಆಮೇಲೆ ನಾನು ವಿವರಿಸಬೇಕಾಗಲಿಲ್ಲ. ಬ್ರಿಟನ್ನಿನಲ್ಲಿ 1872ರವರೆಗೂ ಮತದಾರನು ಎಲ್ಲರೆದುರು ಬಾಯಿಬಿಟ್ಟು ತನ್ನ ಆಯ್ಕೆಯನ್ನು ಹೇಳಬೇಕಿತ್ತು, ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳು 1856ರಲ್ಲೇ ಗುಪ್ತ ಮತಪತ್ರವನ್ನು ಜಾರಿಗೆ ತಂದಿದ್ದವು ಎಂದು ಹೇಳಿದಾಗ, ‘ಜಮೀನಿನ ಯಜಮಾನ ಅಲ್ಲೇ ನಿಂತಿದ್ದರೆ?’ ಎಂದು ಹುಡುಗನೊಬ್ಬ ತಾನಾಗಿಯೇ ಕೇಳಿದ.

ನಾಲ್ಕನೆಯ ವಾರ ಹುಡುಗಿಯೊಬ್ಬಳು ಎದ್ದು ನಿಂತು, ‘ನಾವು 16 ಜನ ಪ್ರತಿ ವಾರವೂ ಸೋಲುತ್ತೇವೆ. ಹಾಗಾದರೆ ನಮ್ಮ ಚೀಟಿ ಏಕೆ?’ ಎಂದಳು. ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದೇ ಬರುತ್ತದೆ. ಬಂದಾಗ ದಯವಿಟ್ಟು ಅವಸರದ ಉತ್ತರ ಕೊಡಬೇಡಿ. ಆ ದಿನ ಆಟವನ್ನೇ ಬಿಟ್ಟು ಇಡೀ ಅವಧಿ ಚರ್ಚಿಸಿದೆವು. ಕೊನೆಗೆ ಮಕ್ಕಳೇ ಎರಡು ಮಾತುಗಳನ್ನು ಬರೆದು ಗೋಡೆಗೆ ಅಂಟಿಸಿದರು. ತಿಂಗಳಲ್ಲಿ ಒಂದು ಶುಕ್ರವಾರ ಕಡಿಮೆ ಮತ ಬಂದ ಆಟಕ್ಕೆ ಮೀಸಲು. ಎಷ್ಟೇ ಮತ ಬಿದ್ದರೂ ಯಾರನ್ನೂ ಆಟದಿಂದ ಹೊರಗಿಡುವಂತಿಲ್ಲ. ಬಹುಮತವೂ ಮುಟ್ಟಬಾರದ ಸಂಗತಿಗಳಿವೆ ಎಂಬ ಎರಡನೆಯ ಮಾತಿನಲ್ಲಿ ಸಂವಿಧಾನದ ತಿರುಳೇ ಇದೆ. ಸಂವಿಧಾನ ಎಂಬ ಪದವನ್ನು ಆ ತರಗತಿಗೆ ನಾನು ಮೊದಲು ಹೇಳಿದ್ದು ಅಂದೇ.

ನಿಮ್ಮ ಮಗಳಿಗೆ ಲೆಕ್ಕ ಇಷ್ಟವಾಗಿದ್ದರೆ ಇನ್ನೊಂದು ಪ್ರಯೋಗ ಮಾಡಿ ನೋಡಿ. ಈಜು, ಚಿತ್ರ ಬಿಡಿಸುವುದು, ಕಥೆ ಓದುವುದು ಎಂಬ ಮೂರರಲ್ಲಿ ಒಂದನ್ನು ಮೂವರು ಆರಿಸಬೇಕು ಎನ್ನಿ. ಮೊದಲನೆಯವರಿಗೆ ಈಜು, ಚಿತ್ರ, ಕಥೆ ಈ ಕ್ರಮದಲ್ಲಿ ಇಷ್ಟ. ಎರಡನೆಯವರಿಗೆ ಚಿತ್ರ, ಕಥೆ, ಈಜು. ಮೂರನೆಯವರಿಗೆ ಕಥೆ, ಈಜು, ಚಿತ್ರ. ಎರಡೆರಡನ್ನೇ ಮತಕ್ಕೆ ಹಾಕಿದರೆ ಈಜು ಚಿತ್ರವನ್ನು ಸೋಲಿಸುತ್ತದೆ, ಚಿತ್ರ ಕಥೆಯನ್ನು ಸೋಲಿಸುತ್ತದೆ, ಕಥೆಯು ಮತ್ತೆ ಈಜನ್ನು ಸೋಲಿಸುತ್ತದೆ! ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲಿ ಇದನ್ನು ಬರೆದಿಟ್ಟರು. ಯಾವ ಪ್ರಶ್ನೆಯನ್ನು ಮೊದಲು ಮತಕ್ಕೆ ಹಾಕಬೇಕೆಂದು ನಿರ್ಧರಿಸುವವರ ಕೈಯಲ್ಲಿ ಎಷ್ಟು ಬಲವಿದೆ ಎಂಬುದು ಆಗ ಮಕ್ಕಳಿಗೆ ಹೊಳೆಯುತ್ತದೆ.

ಇನ್ನು ಮೂರು ಅಂಗಗಳ ಮಾತು. ಆಟದ ನಿಯಮ ಮಾಡಿದವರೇ ಚೆಂಡನ್ನು ಇಟ್ಟುಕೊಂಡು, ಜಗಳವಾದಾಗ ತೀರ್ಪನ್ನೂ ಹೇಳುವಂತಾದರೆ ಏನಾಗುತ್ತದೆಂದು ಒಂದು ವಾರ ಬಿಟ್ಟು ನೋಡಿದರೆ ಸಾಕು. ಎರಡನೆಯ ವಾರಕ್ಕೆ ಮಕ್ಕಳೇ ಬೇರೆ ತೀರ್ಪುಗಾರರನ್ನು ಕೇಳುತ್ತಾರೆ.

ನಾಗರಿಕರ ಪಾಲು ಎಂದರೆ ಮತದಾನ ಎಂದಷ್ಟೇ ಹೇಳಿ ನಿಲ್ಲಿಸಿದರೆ, 18 ತುಂಬುವವರೆಗೆ ತಮಗೇನೂ ಕೆಲಸವಿಲ್ಲ ಎಂದು ಮಕ್ಕಳು ತಿಳಿಯುತ್ತಾರೆ. ಬ್ರೆಜಿಲ್ ಮತ್ತು ಆಸ್ಟ್ರಿಯಾಗಳಲ್ಲಿ 16ಕ್ಕೇ ಮತ ಹಾಕಬಹುದು ಎಂಬುದನ್ನು ಹೇಳಿ. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಮಾನ್ಯ ಮಾಡಿದೆ ಎಂಬುದನ್ನೂ ಹೇಳಿ. ಆದರೆ ಹಕ್ಕಿದೆ ಎಂದು ತಿಳಿದರೆ ಸಾಲದು, ಅದನ್ನು ಬಳಸಿ ನೋಡಬೇಕು. ನಮ್ಮ ಶಾಲೆಯ ಗೇಟಿನ ಎದುರಿನ ಬೀದಿದೀಪ ಕೆಟ್ಟಿತ್ತು. ಮಕ್ಕಳ ಮೊದಲ ಪತ್ರದಲ್ಲಿ ‘ದಯವಿಟ್ಟು ದೀಪ ಹಾಕಿಸಿ’ ಎಂದಷ್ಟೇ ಇತ್ತು. ಈ ಕೆಲಸ ಯಾರದು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ಅವರು ಮಾಡದಿದ್ದರೆ ಅವರ ಮೇಲೆ ಯಾರಿದ್ದಾರೆ ಎಂದು ವಿಚಾರಿಸಿಕೊಂಡು ಬಂದ ಮೇಲೆ, ಕಂಬದ ಸಂಖ್ಯೆ, ದೀಪ ಕೆಟ್ಟ ದಿನ, ಸಂಜೆ ಆ ದಾರಿಯಲ್ಲಿ ಹೋಗುವ ಮಕ್ಕಳ ಸಂಖ್ಯೆ ಎಲ್ಲವನ್ನೂ ಸೇರಿಸಿ ಎರಡನೆಯ ಪತ್ರ ಬರೆದರು. ಇಬ್ಬರು ಮಕ್ಕಳು ನನ್ನ ಜೊತೆ ಕಚೇರಿಗೆ ಬಂದು, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡರು. ಮೂರು ವಾರ ಉತ್ತರವಿರಲಿಲ್ಲ. ಆ ಮುದ್ರೆಯ ದಿನಾಂಕವನ್ನು ನಮೂದಿಸಿ ಮೂರನೆಯ ಪತ್ರ ಹೋದ ಮೇಲೆ ದೀಪ ಬಂತು. ಅದರ ಜೊತೆಗೆ ಕೇಳಿದ್ದ ರಸ್ತೆ ದಾಟುವ ಪಟ್ಟೆಗಳು ಬರಲಿಲ್ಲ. ಆ ರಸ್ತೆ ಬೇರೆ ಇಲಾಖೆಯದು ಎಂಬ ಉತ್ತರ ಬಂತು. ಸರ್ಕಾರ ಎಂಬುದು ಒಂದೇ ಬಾಗಿಲಿನ ಮನೆಯಲ್ಲ ಎಂದು ಮಕ್ಕಳಿಗೆ ಗೊತ್ತಾದದ್ದು ಆ ನಿರಾಕರಣೆಯಿಂದ. ಆದ್ದರಿಂದ ಉತ್ತರ ಬಾರದಿದ್ದರೆ ಮಕ್ಕಳ ಬೇಸರ ತಪ್ಪಿಸಲೆಂದು ನೀವೇ ಫೋನ್ ಮಾಡಿ ಕೆಲಸ ಮುಗಿಸಬೇಡಿ.

ಇವೆಲ್ಲದರಲ್ಲಿ ಅತ್ಯಂತ ಕಷ್ಟವಾದದ್ದು ದೊಡ್ಡವರು ನಿಯಮಕ್ಕೆ ಒಳಪಡುವುದು. ಪೋಲೆಂಡಿನ ವಾರ್ಸಾ ನಗರದಲ್ಲಿ 1912ರಲ್ಲಿ ಆರಂಭವಾದ ಅನಾಥಾಲಯವೊಂದನ್ನು ನಡೆಸುತ್ತಿದ್ದ ವೈದ್ಯ ಯಾನುಶ್ ಕೊರ್ಚಾಕ್ ಅಲ್ಲಿ ಮಕ್ಕಳದೇ ನ್ಯಾಯಾಲಯವನ್ನು ರೂಪಿಸಿದ್ದರು. ನ್ಯಾಯಾಧೀಶರು ಮಕ್ಕಳೇ; ಅವರ ಸಂಹಿತೆಯ ಮೊದಲ 99 ವಿಧಿಗಳಲ್ಲಿ ಶಿಕ್ಷೆಯೇ ಇರಲಿಲ್ಲ, ಕ್ಷಮೆಗೆ ಆದ್ಯತೆಯಿತ್ತು. ಹುಡುಗಿಯೊಬ್ಬಳ ಮೇಲೆ ಕಳವಿನ ಅನುಮಾನ ಪಟ್ಟಿದ್ದೂ ಸೇರಿದಂತೆ, ಅರ್ಧ ವರ್ಷದಲ್ಲಿ ಐದು ಸಲ ಕೊರ್ಚಾಕ್ ತಾವೇ ಆ ಮಕ್ಕಳ ಮುಂದೆ ಆರೋಪಿಯಾಗಿ ನಿಂತರು.

ಒಂದು ವರ್ಷ ಪರೀಕ್ಷೆ ಹತ್ತಿರ ಬಂತೆಂದು ನಾನು ಯಾರನ್ನೂ ಕೇಳದೆ ಶುಕ್ರವಾರದ ಅವಧಿಯನ್ನು ಪಾಠಕ್ಕೆ ತೆಗೆದುಕೊಂಡೆ. ಮರುದಿನ ನನ್ನ ಮೇಜಿನ ಮೇಲೆ 31 ಸಹಿಗಳ ಒಂದು ಹಾಳೆ ಇತ್ತು. ಕಂಬದ ಪತ್ರದ ಹಾಗೆಯೇ ಯಾವ ದಿನ, ಯಾವ ಅವಧಿ, ಯಾವ ನಿಯಮಕ್ಕೆ ವಿರುದ್ಧ, ಏನು ಮಾಡಬೇಕು ಎಂದು ಕ್ರಮವಾಗಿ ಬರೆದಿದ್ದರು. ಪಾಠ ಉಳಿದಿತ್ತು, ಕಾರಣಗಳೂ ನನ್ನ ಬಳಿ ಇದ್ದವು. ಹಾಳೆಯ ಮೇಲೆ ದಿನಾಂಕ ಬರೆದು ಸ್ವೀಕರಿಸಿದ್ದೇನೆ ಎಂದು ಸಹಿ ಹಾಕಿ, ಮುಂದಿನ ವಾರ ಎರಡು ಅವಧಿಗಳನ್ನು ಮೈದಾನಕ್ಕೆ ಬಿಟ್ಟುಕೊಟ್ಟೆ.