ಉಬ್ಬೇ ಕಾಣದ ಹರ್ನಿಯಾ: ಆಟಗಾರರ ತೊಡೆಸಂದಿನ ನೋವು

ಪ್ರಶ್ನೆ: ನನಗೆ 24 ವರ್ಷ, ಕಬಡ್ಡಿಯಲ್ಲಿ ರೈಡರ್. ಐದು ತಿಂಗಳಿಂದ ಬಲ ತೊಡೆಸಂದಿನ ಮೇಲೆ ನೋವಿದೆ. ಬೋನಸ್‌ಗೆ ಕಾಲು ಚಾಚಿದಾಗ, ಥಟ್ಟನೆ ತಿರುಗಿದಾಗ ಚುಚ್ಚುತ್ತದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ, ಕೆಮ್ಮಿದಾಗಲೂ ಹಿಡಿಯುತ್ತದೆ. ಮೂರು ವಾರ ಆಡದಿದ್ದರೆ ಪೂರ್ತಿ ಹೋಗುತ್ತದೆ, ಆಟಕ್ಕಿಳಿದ ವಾರದಲ್ಲೇ ಮರಳುತ್ತದೆ. ಸ್ಕ್ಯಾನಿಂಗ್‌ನಲ್ಲಿ ಹರ್ನಿಯಾ ಇಲ್ಲವೆಂದು ಬಂದಿದೆ. ಒಬ್ಬರು 'ಸ್ಪೋರ್ಟ್ಸ್ ಹರ್ನಿಯಾ, ಆಪರೇಷನ್ ಆಗಬೇಕು' ಎನ್ನುತ್ತಾರೆ, ಇನ್ನೊಬ್ಬರು ಬೆಲ್ಟ್ ಕಟ್ಟು ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಮದ್ದೂರು

ಉತ್ತರ: ಮೊದಲು ಬೆಲ್ಟ್ ಬಿಚ್ಚಿಡಿ. ಅದು ಹೊರಗೆ ಉಬ್ಬಿ ಬರುವ ಹರ್ನಿಯಾವನ್ನು ಒತ್ತಿ ಹಿಡಿಯಲು ಇರುವಂಥದ್ದು. ನಿಮ್ಮಲ್ಲಿ ಉಬ್ಬೇ ಇಲ್ಲ. ಹೆಸರಿನಲ್ಲಿ ಹರ್ನಿಯಾ ಇದ್ದರೂ ಇಲ್ಲಿ ಕರುಳು ಎಲ್ಲೂ ಜಾರಿರುವುದಿಲ್ಲ. ಬ್ರಿಟನ್ನಿನ ಹರ್ನಿಯಾ ತಜ್ಞರು 2014ರಲ್ಲಿ ಈ ಹೆಸರೇ ದಾರಿ ತಪ್ಪಿಸುತ್ತದೆಂದು 'ಇಂಗ್ವಿನಲ್ ಡಿಸ್ರಪ್ಷನ್' (ತೊಡೆಸಂದಿನ ಭಾಗ ಹದಗೆಡುವುದು) ಎಂಬ ಬೇರೆ ಹೆಸರು ಸೂಚಿಸಿದರು.

ಹೊಕ್ಕುಳಿಂದ ನೇರ ಕೆಳಗೆ ಕೈ ಜಾರಿಸುತ್ತಾ ಬನ್ನಿ, ಗಟ್ಟಿಯಾದ ಮೂಳೆ ಸಿಗುತ್ತದೆ. ಅದು ಪ್ಯೂಬಿಕ್ ಮೂಳೆ. ಹೊಟ್ಟೆಯ ಉದ್ದ ಸ್ನಾಯು ಅದನ್ನು ಮೇಲಕ್ಕೆ ಎಳೆಯುತ್ತದೆ, ತೊಡೆಯ ಒಳಬದಿಯ ಸ್ನಾಯು ಕೆಳಕ್ಕೆ ಎಳೆಯುತ್ತದೆ. ಎರಡರ ತುದಿಗಳೂ ಆ ಮೂಳೆಯ ಮುಂದೆ ಒಂದೇ ಪದರವಾಗಿ ಬೆಸೆದುಕೊಂಡಿವೆ. ಬೋನಸ್ ಗೆರೆ ದಾಟಿದ ಕಾಲು ಚಾಚಿ, ಇನ್ನೊಂದು ಪಾದ ನೆಲ ಬಿಟ್ಟ ಆ ಗಳಿಗೆಯಲ್ಲಿ ಸೊಂಟ ತಿರುಗಿ, ತೊಡೆ ಅಗಲವಾಗಿ, ಹೊಟ್ಟೆ ಬಿಗಿಯಾಗುತ್ತದೆ. ಆಗ ಎರಡೂ ಎಳೆತಗಳು ಒಟ್ಟಿಗೆ ಆ ಪದರದ ಮೇಲೆ ಬೀಳುತ್ತವೆ. ದಿನವೂ ನೂರಾರು ಸಲ ಹೀಗಾದರೆ ಪದರ ಸವೆಯುತ್ತದೆ, ಸಣ್ಣಗೆ ಹರಿಯುತ್ತದೆ, ಅಥವಾ ಅದರ ಹಿಂದಿನ ಕಿಬ್ಬೊಟ್ಟೆಯ ಗೋಡೆ ಸಡಿಲವಾಗುತ್ತದೆ. ಸೊಂಟದ ಕೀಲು ಬಿಗಿಯಾಗಿ ಸಾಕಷ್ಟು ತಿರುಗದವರಲ್ಲಿ ಈ ಹೊರೆ ಇನ್ನೂ ಹೆಚ್ಚು.

ವಿಶ್ರಾಂತಿ ನಿಮಗೆ ಮೋಸ ಮಾಡುತ್ತಿರುವುದು ಇಲ್ಲಿಯೇ. ಮೂರು ವಾರದಲ್ಲಿ ನೋವು ಇಳಿಯುತ್ತದೆ, ಆದರೆ ಪದರಕ್ಕೆ ಬಲ ಬರುವುದಿಲ್ಲ. ಸ್ನಾಯುಗಳು ಆ ಅವಧಿಯಲ್ಲಿ ಇನ್ನಷ್ಟು ಸೋತಿರುತ್ತವೆ. ಆ ಸೋತ ಸ್ನಾಯುಗಳಲ್ಲೇ ನೀವು ಮೊದಲ ದಿನದಿಂದ ಪೂರ್ತಿ ರೈಡ್ ಮಾಡುತ್ತೀರಿ.

ರೋಗ ಪತ್ತೆಹಚ್ಚುವುದು ಕೈಯಿಂದ, ಆಮೇಲೆ ಸ್ಕ್ಯಾನಿಂಗ್‌ನಿಂದ. ವೈದ್ಯರು ಐದು ಸಂಗತಿ ನೋಡುತ್ತಾರೆ: ಪ್ಯೂಬಿಕ್ ಮೂಳೆಯ ಗಂಟಿನ ಮೇಲೆ ಬೆರಳಿಟ್ಟರೆ ಅಲ್ಲೇ ನೋವು, ತೊಡೆಸಂದಿನ ನಾಳದ ಒಳಬಾಯಲ್ಲಿ ನೋವು, ಹೊರಬಾಯಲ್ಲಿ ನೋವು ಅಥವಾ ಸಡಿಲು, ಒಳತೊಡೆ ಸ್ನಾಯುವಿನ ಬುಡದಲ್ಲಿ ನೋವು, ಮತ್ತು ಒಳತೊಡೆಗೋ ಮಧ್ಯಭಾಗಕ್ಕೋ ಹರಡುವ ಮಂದ ನೋವು. ಐದರಲ್ಲಿ ಮೂರಾದರೂ ಇದ್ದರೆ ಸಂಶಯ ಬಲವಾಗುತ್ತದೆ. ಅಲ್ಟ್ರಾಸೌಂಡನ್ನು ತಿಣುಕುತ್ತಾ, ಕೆಮ್ಮುತ್ತಾ ಮಾಡಿಸಬೇಕು. ಸುಮ್ಮನೆ ಮಲಗಿಸಿ ನೋಡಿದರೆ ನಿಜವಾದ ಹರ್ನಿಯಾ ಕೂಡ ತಪ್ಪಿಹೋಗಬಹುದು. ಎಂಆರ್‌ಐ ಬರೆಸುವಾಗ 'ಪ್ಯೂಬಿಕ್ ಭಾಗ ಮತ್ತು ಎರಡೂ ಸೊಂಟದ ಕೀಲು' ಎಂದು ಸ್ಪಷ್ಟವಾಗಿ ಬರೆಸಿ. ಕೀಲಿನ ದೋಷವೂ ಇದೇ ಜಾಗದಲ್ಲಿ ನೋಯುತ್ತದೆ, ಅದನ್ನು ಬಿಟ್ಟು ಕಿಬ್ಬೊಟ್ಟೆಯನ್ನಷ್ಟೇ ಸರಿಮಾಡಿದರೆ ನೋವು ಹಾಗೇ ಉಳಿಯುತ್ತದೆ.

ಇನ್ನು ಚಿಕಿತ್ಸೆ. ಮೊದಲ ಎರಡು ವಾರ ರೈಡ್, ಸ್ಪ್ರಿಂಟ್, ಸಿಟ್-ಅಪ್ ಬೇಡ. ನಡಿಗೆ ಬಿಡಬೇಡಿ. ಅಂಗಾತ ಮಲಗಿ, ಕಾಲು ನೇರವಾಗಿಟ್ಟು, ಪಾದಗಳ ನಡುವೆ ಫುಟ್‌ಬಾಲ್ ಇಟ್ಟು 30 ಸೆಕೆಂಡು ಒತ್ತಿ ಹಿಡಿಯಿರಿ, ಹೀಗೆ 10 ಸಲ. ಆಮೇಲೆ ಮಂಡಿ ಮಡಚಿ, ಮಂಡಿಗಳ ನಡುವೆ ಚೆಂಡಿಟ್ಟು ಮತ್ತೆ 10 ಸಲ. ನೋವು ಹತ್ತಕ್ಕೆ ಎರಡನ್ನು ದಾಟಬಾರದು, ದಾಟಿದರೆ ಒತ್ತಡ ಇಳಿಸಿ. ಮೂರನೇ ವಾರದಿಂದ ವಾರಕ್ಕೆ ಮೂರು ದಿನ ಪ್ಲಾಂಕ್ (ಮೊಣಕೈ, ಕಾಲ್ಬೆರಳುಗಳ ಮೇಲೆ ಮೈ ನೇರ ಹಿಡಿಯುವುದು), ಪಕ್ಕಕ್ಕೆ ಮಲಗಿ ಕಾಲು ಎತ್ತುವುದು, ಕೋಪನ್‌ಹೇಗನ್ ವ್ಯಾಯಾಮ ಸೇರಿಸಿ. ಕೊನೆಯದಕ್ಕೆ ಪಕ್ಕಕ್ಕೆ ಮಲಗಿ, ಕೆಳಗಿನ ಮೊಣಕೈ ಮೇಲೆ ಭಾರ ಹಾಕಿ, ಮೇಲಿನ ಕಾಲಿನ ಮಂಡಿಯನ್ನು ಬೆಂಚಿನ ಮೇಲಿಟ್ಟು, ಸೊಂಟವನ್ನೂ ಕೆಳಗಿನ ಕಾಲನ್ನೂ ಮೇಲಕ್ಕೆ ಎತ್ತಿ ನಿಧಾನ ಇಳಿಸಬೇಕು. ಒಂದೊಂದು ಕಡೆ 3ರಿಂದ 5 ಸಲ ಶುರುಮಾಡಿ ವಾರ ಕಳೆದಂತೆ 12–15ಕ್ಕೆ ಏರಿಸಿ. ಮಂಡಿಯ ಬದಲು ಪಾದವನ್ನು ಬೆಂಚಿನ ಮೇಲಿಟ್ಟರೆ ಭಾರ ತುಂಬಾ ಹೆಚ್ಚುತ್ತದೆ, ಅದು ಕೊನೆಗಿರಲಿ. ಹೆಚ್ಚಿನವರು ಎಡವುವುದೇ ಇಲ್ಲಿ. ಉತ್ಸಾಹಕ್ಕೆ ಮೊದಲ ದಿನವೇ 15 ಮಾಡಿ, ಮರುದಿನ ಕಾಲೆತ್ತಲಾಗದೆ ಎಲ್ಲ ಬಿಟ್ಟುಬಿಡುತ್ತಾರೆ.

ಆಡಬಹುದೇ ಎಂದು ತಿಳಿಯಲು ಒಂದು ಸರಳ ಅಳತೆ ಇದೆ. ಅಂಗಾತ ಮಲಗಿ, ಗೆಳೆಯನ ಮುಂಗೈಯನ್ನು ಎರಡು ಕಣಕಾಲಿನ ನಡುವೆ ಇರಿಸಿಕೊಂಡು 5 ಸೆಕೆಂಡು ಪೂರ್ತಿ ಶಕ್ತಿಯಿಂದ ಒತ್ತಿ. ನೋವು 0–2 ಆದರೆ ಅಭ್ಯಾಸಕ್ಕೆ ಹೋಗಿ, 3–5 ಆದರೆ ಹಗುರ ಮಾಡಿ, 6 ಅಥವಾ ಅದಕ್ಕಿಂತ ಹೆಚ್ಚಾದರೆ ಆ ದಿನ ಆಟ ನಿಲ್ಲಿಸಿ. ಮರಳುವುದು ಈ ಕ್ರಮದಲ್ಲಿ: ನೇರ ಓಟ, ನೇರ ಸ್ಪ್ರಿಂಟ್, ದಿಕ್ಕು ಬದಲಿಸುವುದು, ಬೋನಸ್, ಎಲ್ಲಕ್ಕಿಂತ ಕೊನೆಗೆ ಹಿಡಿತದಿಂದ ಬಿಡಿಸಿಕೊಳ್ಳುವುದು. ಒಂದು ಹಂತ ಎರಡು ದಿನ ನೋವಿಲ್ಲದೆ ಸಾಗಿದ ಮೇಲಷ್ಟೇ ಮುಂದಿನದು. ಪಂದ್ಯಕ್ಕೆ ಮೊದಲು ನೋವಿನ ಮಾತ್ರೆ ನುಂಗಿ ಇಳಿಯಬೇಡಿ. ಅದು ಎಚ್ಚರಿಕೆಯ ಗಂಟೆಯನ್ನಷ್ಟೇ ಮುಚ್ಚುತ್ತದೆ, ಪದರ ಹರಿಯುವುದು ಹೆಚ್ಚುತ್ತಲೇ ಇರುತ್ತದೆ.

ಇದನ್ನು ನಿಷ್ಠೆಯಿಂದ 8ರಿಂದ 12 ವಾರ ಮಾಡಿಯೂ ಆಡಲಾಗದಿದ್ದರೆ ಆಪರೇಷನ್ ಮಾತು ಸರಿ. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪ್ರೋಸ್ಕೋಪಿಯಲ್ಲಿ ಕಿಬ್ಬೊಟ್ಟೆ ಗೋಡೆಯ ಹಿಂದೆ ಜಾಲರಿ ಇಡುತ್ತಾರೆ, ಇಲ್ಲವೇ ತೆರೆದು ಹೊಲಿಯುತ್ತಾರೆ. ಫಿನ್ಲೆಂಡಿನಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀರ್ಘಕಾಲ ನರಳಿದ್ದ 60 ಆಟಗಾರರ ಪೈಕಿ ಜಾಲರಿ ಹಾಕಿಸಿಕೊಂಡವರಲ್ಲಿ ಶೇ 90 ಮಂದಿ ಮೂರು ತಿಂಗಳಲ್ಲಿ ಪೂರ್ಣ ಆಟಕ್ಕೆ ಮರಳಿದರು, ಆಪರೇಷನ್ ಇಲ್ಲದೆ ಚಿಕಿತ್ಸೆ ಪಡೆದ ಗುಂಪಿನಲ್ಲಿ ಶೇ 27 ಮಾತ್ರ. ಹಾಗಾಗಿ ಆಪರೇಷನ್ ಎಂದರೆ ಹೆದರಬೇಕಿಲ್ಲ, ಆದರೆ ಆತುರದಲ್ಲಿ ಮೊದಲಿಗೇ ಅದಕ್ಕೆ ಹೋಗುವುದು ನಮಗೆ ಸರಿಕಾಣುವುದಿಲ್ಲ. ಜಾಲರಿ ಹಾಕಿದ ಮೇಲೂ ಇದೇ ವ್ಯಾಯಾಮ ಬೇಕೇ ಬೇಕು.

ಪ್ರಶ್ನೆ: ಮಗನಿಗೆ 15. ಹಾಕಿ ಆಡುವಾಗ ಥಟ್ಟನೆ ತೊಡೆಸಂದಿನಲ್ಲಿ 'ಟಪ್' ಎಂದಿತಂತೆ, ಕುಂಟುತ್ತಿದ್ದಾನೆ. ಇದೂ ಸ್ಪೋರ್ಟ್ಸ್ ಹರ್ನಿಯಾವೇ?
– ಓದುಗರು, ಮಡಿಕೇರಿ

ಉತ್ತರ: ಈ ವಯಸ್ಸಿಗೆ ಅದು ಕೊನೆಯ ಸಂಶಯ. ಬೆಳೆಯುವ ಮಕ್ಕಳಲ್ಲಿ ಸ್ನಾಯು ಹರಿಯುವುದಕ್ಕಿಂತ ಮೊದಲು ಅದು ಅಂಟಿದ ಮೂಳೆಯ ಚೂರು ಕಿತ್ತು ಬರುತ್ತದೆ. ಎಣ್ಣೆ ತಿಕ್ಕಿಸಿ ಎಳೆಸಬೇಡಿ, ಸೊಂಟದ ಎಕ್ಸ್-ರೇ ಮಾಡಿಸಿ. ಬಹಳಷ್ಟು ಸಲ ಆಪರೇಷನ್ ಇಲ್ಲದೆ ಕೆಲ ವಾರ ಊರುಗೋಲು, ಆಮೇಲೆ ವ್ಯಾಯಾಮದಿಂದ ವಾಸಿಯಾಗುತ್ತದೆ. ಕುಂಟುವಿಕೆಯ ಜೊತೆ ಮಂಡಿಯೂ ನೋಯುತ್ತಿದ್ದರೆ ತೊಡೆಮೂಳೆಯ ತಲೆ ಜಾರಿರಬಹುದು, ಅದನ್ನೂ ಎಕ್ಸ್-ರೇಯಲ್ಲೇ ನೋಡಬೇಕು. ಇನ್ನೊಂದು ಮಾತು: ವೃಷಣ ಊದಿ ತೀವ್ರವಾಗಿ ನೋಯುತ್ತಿದ್ದರೆ, ವಾಂತಿ ಬರುತ್ತಿದ್ದರೆ ತಕ್ಷಣ, ನೋವು ಶುರುವಾಗಿ ಆರು ಗಂಟೆ ಕಳೆಯುವ ಮೊದಲೇ ಆಸ್ಪತ್ರೆ ಸೇರಬೇಕು. ಬೀಜ ತಿರುಚಿಕೊಂಡಿದ್ದರೆ ಕಾಯಲು ಸಮಯವಿಲ್ಲ. ನಾಚಿಕೆಯಿಂದ ಹುಡುಗರು ಹೇಳುವುದಿಲ್ಲ, ನೀವೇ ಕೇಳಿ.

ಪ್ರಶ್ನೆ: 36ರ ಮಹಿಳೆ. ಮ್ಯಾರಥಾನ್‌ಗೆಂದು ಓಟದ ದೂರ ಒಮ್ಮೆಲೇ ಹೆಚ್ಚಿಸಿದೆ. ಈಗ ತೊಡೆಸಂದಿನಲ್ಲಿ ಆಳದ ನೋವು. ಹೆಂಗಸರಿಗೂ ಈ ಹರ್ನಿಯಾ ಬರುತ್ತದೆಯೇ?
– ಓದುಗರು, ಬೆಂಗಳೂರು

ಉತ್ತರ: ಬರಬಹುದು, ಆದರೆ ಗಂಡಸರಿಗಿಂತ ಕಡಿಮೆ. ನಿಮ್ಮ ವಿವರ ಓದಿದರೆ ನಮಗೆ ಭಯವಿರುವುದು ತೊಡೆಮೂಳೆಯ ಕತ್ತಿನ ಸೂಕ್ಷ್ಮ ಬಿರುಕಿನದು. ಊಟ ಸಾಲದೆ ತೂಕ ಇಳಿದಿದ್ದರೆ, ಮುಟ್ಟು ತಪ್ಪುತ್ತಿದ್ದರೆ ಸಂಶಯ ಇನ್ನೂ ಹೆಚ್ಚು. ಮೊದಲ ವಾರಗಳ ಎಕ್ಸ್-ರೇಯಲ್ಲಿ ಇದು ಕಾಣದೇ ಇರಬಹುದು, ಎಂಆರ್‌ಐ ಬೇಕು. ಒಂಟಿಕಾಲಲ್ಲಿ ಕುಪ್ಪಳಿಸಿ ಪರೀಕ್ಷಿಸಲು ಹೋಗಬೇಡಿ, ಬಿರುಕು ಪೂರ್ತಿ ಮುರಿದರೆ ಸ್ಕ್ರೂ ಹಾಕಬೇಕಾಗುತ್ತದೆ. ವರದಿ ಕೈಗೆ ಬರುವವರೆಗೆ ಓಟ ನಿಲ್ಲಿಸಿ. ನಡೆಯುವಾಗಲೂ ನೋಯುತ್ತಿದ್ದರೆ ಇವತ್ತೇ ಊರುಗೋಲು ಹಿಡಿಯಿರಿ.