ಬಾರದವರ ಮೇಲೂ ಬಂದ ದೂರು

ಓದುಗರ ಪತ್ರ: ವಲಸೆ ಕುರಿತ ನಿಮ್ಮ ಲೇಖನ ಓದಿದೆ. 1980ರಲ್ಲಿ ಕ್ಯೂಬಾದವರು ಮಿಯಾಮಿಗೆ ನುಗ್ಗಿದರು, ಅಲ್ಲಿ ನಿರುದ್ಯೋಗ ಏರಿತು. ಅಂಕಿಅಂಶವೇ ಸಾಕ್ಷಿ ನುಡಿಯುತ್ತಿರುವಾಗ ವಲಸೆ ನಿಲ್ಲಿಸಿ ಎನ್ನಲು ನಿಮಗೇಕೆ ಹಿಂಜರಿಕೆ?

ಸಂಪಾದಕರ ಉತ್ತರ: ನೀವು ಹೇಳಿದ ಎರಡೂ ಸಂಗತಿ ನಿಜ. ಆ ವರ್ಷ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕ್ಯೂಬಾದ ಮಾರಿಯಲ್ ಬಂದರಿನಿಂದ ಸುಮಾರು 1,25,000 ಮಂದಿ ದೋಣಿಗಳಲ್ಲಿ ಫ್ಲಾರಿಡಾ ಸೇರಿದರು. ಮಿಯಾಮಿಯ ದುಡಿಯುವ ಜನರ ಸಂಖ್ಯೆ ಶೇ 7ರಷ್ಟು ಹಿಗ್ಗಿತು. ನಿರುದ್ಯೋಗವೂ ಏರಿತು. ಆದರೆ ಅದೇ ವರ್ಷ ಅಮೆರಿಕಕ್ಕೆ ಅಮೆರಿಕವೇ ಆರ್ಥಿಕ ಹಿಂಜರಿತಕ್ಕೆ ಸಿಕ್ಕಿತ್ತು. ಒಂದು ದೋಣಿಯನ್ನೂ ಕಾಣದ ಊರುಗಳಲ್ಲೂ ಜನ ಕೆಲಸ ಕಳೆದುಕೊಳ್ಳುತ್ತಿದ್ದರು.

ಕ್ಯೂಬಾದವರು ಬಾರದೇ ಇದ್ದಿದ್ದರೆ ಮಿಯಾಮಿ ಹೇಗಿರುತ್ತಿತ್ತು? ತಿಳಿಯಬೇಕಾದದ್ದು ಇದು, ಆದರೆ ಅಂಥ ಮಿಯಾಮಿ ಎಲ್ಲೂ ಸಿಗುವುದಿಲ್ಲ. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಅದರ ಬದಲಿಗೆ ಅಮೆರಿಕದ ಬೇರೆ ನಗರಗಳಾದ ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್, ಟ್ಯಾಂಪಾಗಳನ್ನು ಮಿಯಾಮಿಯ ಜೊತೆ ಹೋಲಿಸಿ ನೋಡಿದರು. 1990ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಡಿಮೆ ಕೌಶಲದವರ ಕೂಲಿಗಾಗಲಿ ಉದ್ಯೋಗಕ್ಕಾಗಲಿ ಹೇಳಿಕೊಳ್ಳುವಂಥ ಪೆಟ್ಟು ಬಿದ್ದದ್ದು ಕಾಣಲಿಲ್ಲ.

ವಲಸೆಯ ಪರ ಇರುವವರು ಇಲ್ಲಿಗೆ ಚಪ್ಪಾಳೆ ತಟ್ಟಿ ಎದ್ದುಹೋಗುತ್ತಾರೆ. ಅವರೂ ಸ್ವಲ್ಪ ಕೂರಲಿ. 1994ರ ಬೇಸಿಗೆಯಲ್ಲಿ ಕ್ಯೂಬಾದ ಸಾವಿರಾರು ಮಂದಿ ಮತ್ತೆ ತೆಪ್ಪ ಹತ್ತಿದರು. ಈ ಸಲ ಕ್ಲಿಂಟನ್ ಸರ್ಕಾರ ಅವರನ್ನು ಸಮುದ್ರದಲ್ಲೇ ತಡೆದು ಕ್ಯೂಬಾದಲ್ಲೇ ಇರುವ ಅಮೆರಿಕದ ಗ್ವಾಂಟನಾಮೊ ನೌಕಾನೆಲೆಗೆ ಸಾಗಿಸಿತು. ಅರ್ಥಶಾಸ್ತ್ರಜ್ಞರಾದ ಜೋಶುವಾ ಆಂಗ್ರಿಸ್ಟ್ ಮತ್ತು ಅಲನ್ ಕ್ರೂಗರ್ ಅವರು ಕಾರ್ಡ್ ಹಾಕಿದಂಥ ಲೆಕ್ಕವನ್ನೇ ಈ ನಡೆಯದ ವಲಸೆಗೂ ಹಾಕಿ ನೋಡಿದರು. ಮಿಯಾಮಿಯ ಕಪ್ಪುವರ್ಣೀಯರಲ್ಲಿ ನಿರುದ್ಯೋಗ ಏರಿತ್ತು, ಹೋಲಿಕೆಯ ನಗರಗಳಲ್ಲಿ ಇಳಿದಿತ್ತು! ಕಾಗೆ ಕೂರದೆಯೇ ಟೊಂಗೆ ಮುರಿದಿತ್ತು. ಆ ತೆಪ್ಪಗಳೇನಾದರೂ ದಡ ಸೇರಿದ್ದರೆ ಇವತ್ತು ನಿಮ್ಮ ಪತ್ರದಲ್ಲಿ 1994ರ ಉದಾಹರಣೆಯೂ ಇರುತ್ತಿತ್ತು. ಹೋಲಿಕೆಗೆ ಇಟ್ಟ ಊರೂ ತನ್ನದೇ ಕಾರಣಗಳಿಗೆ ಏರಿಳಿಯುತ್ತದೆ ಎಂದಮೇಲೆ ಕಾರ್ಡ್ ಅವರ ತೀರ್ಮಾನವನ್ನೂ ಕಣ್ಮುಚ್ಚಿ ಒಪ್ಪುವಂತಿಲ್ಲ. (2021ರಲ್ಲಿ ಕಾರ್ಡ್, ಆಂಗ್ರಿಸ್ಟ್ ಇಬ್ಬರಿಗೂ ಒಟ್ಟಿಗೇ ನೊಬೆಲ್ ಬಂತು. ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರು ಕೊಕ್ಕೆ ಹಾಕಿದ್ದು ಅದಕ್ಕೇನೂ ಅಡ್ಡಬರಲಿಲ್ಲ.)

'ವಲಸಿಗರು ಹೆಚ್ಚಿರುವ ನಗರಗಳೇ ಶ್ರೀಮಂತ, ನೋಡಿ' ಎಂಬ ವಾದವೂ ನಮಗೆ ಬರುತ್ತಿರುತ್ತದೆ. ದುಡಿಮೆ ಇರುವ ಕಡೆಗೇ ಜನ ಹೋಗುತ್ತಾರಲ್ಲವೇ? ಯಾವುದರಿಂದ ಯಾವುದಾಯಿತು ಎಂಬುದನ್ನು ಆ ವಾದ ಮುಟ್ಟುವುದೇ ಇಲ್ಲ.

ಇನ್ನು ನಿಲ್ಲಿಸುವ ಮಾತು. ಮೆಕ್ಸಿಕೊದಿಂದ ಕೃಷಿ ಕೂಲಿಗಳನ್ನು ಕರೆಸುತ್ತಿದ್ದ ಬ್ರಸೆರೊ ಯೋಜನೆಯನ್ನು ಅಮೆರಿಕ 1964ರ ಕೊನೆಗೆ ನಿಲ್ಲಿಸಿತು. ಸ್ಥಳೀಯರ ಕೂಲಿ ಏರಲಿ ಎಂಬುದು ಉದ್ದೇಶ. ಕೂಲಿ ಏರಿತು ಕೂಡ. ಆದರೆ ಬ್ರಸೆರೊಗಳು ಕಾಲಿಡದ ರಾಜ್ಯಗಳಲ್ಲೂ ಅದಕ್ಕೆ ಕಡಿಮೆಯಿಲ್ಲದಂತೆ ಏರಿತ್ತು. ಕ್ಯಾಲಿಫೋರ್ನಿಯಾದ ಟೊಮೆಟೊ ಬೆಳೆಗಾರರಂತೂ ಹೆಚ್ಚು ಕೂಲಿ ಕೊಟ್ಟು ಆಳು ಹುಡುಕುವ ಬದಲು ಕೊಯ್ಲಿನ ಯಂತ್ರ ಕೊಂಡರು.

ಮತ್ತೆ ಬರೆಯುವುದಾದರೆ ಯಾವ ಊರಿನ ಜೊತೆ ಯಾವ ಊರನ್ನು ಹೋಲಿಸಿದಿರಿ, ಅದನ್ನೇ ಏಕೆ ಆರಿಸಿದಿರಿ ಎಂಬುದನ್ನೂ ಸೇರಿಸಿ. ಖಂಡಿತ ಪ್ರಕಟಿಸುತ್ತೇವೆ.